ಬೀಮ್ ತಪ್ಪಿದ ಗಳಿಗೆಯ ಕುರುಡು ಹುಡುಕಾಟ

28 ಗಿಗಾಹರ್ಟ್ಸ್ ರೇಡಿಯೊ ಅಲೆಯ ಉದ್ದ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಟವರಿಗೂ ಫೋನಿಗೂ ನಡುವೆ ಯಾರಾದರೂ ಅಡ್ಡ ಬಂದರೆ ಈ ಅಲೆಯ ಬಲ 20ರಿಂದ 30 ಡೆಸಿಬೆಲ್‌ನಷ್ಟು ಕುಸಿಯುತ್ತದೆ. ಅಂದರೆ ಬರುತ್ತಿದ್ದ ಶಕ್ತಿಯಲ್ಲಿ ನೂರರಲ್ಲಿ ಒಂದು ಪಾಲು, ಕೆಲವೊಮ್ಮೆ ಸಾವಿರದಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಸಾಧಾರಣ ನಡಿಗೆಯಲ್ಲಿ ಹಾದುಹೋಗುವ ಒಬ್ಬ ಮನುಷ್ಯ ಸುಮಾರು ಅರ್ಧ ಸೆಕೆಂಡು ಈ ದಾರಿಯನ್ನು ಮುಚ್ಚುತ್ತಾನೆ. ಈ ಆವರ್ತನದ 5ಜಿಯಲ್ಲಿ ಪ್ರಸಾರದ ಕಾಲವನ್ನು ಸ್ಲಾಟ್ ಎಂಬ ತುಣುಕುಗಳಾಗಿ ಹಂಚುತ್ತಾರೆ, ಒಂದು ಸ್ಲಾಟ್‌ನ ಅವಧಿ ಸೆಕೆಂಡಿನ ಎಂಟು ಸಾವಿರದಲ್ಲೊಂದು ಭಾಗ. ಹಾಗಾಗಿ ಆ ಮನುಷ್ಯ ದಾಟುವಷ್ಟರಲ್ಲಿ ನಾಲ್ಕು ಸಾವಿರ ಸ್ಲಾಟ್‌ಗಳು ಸರಿದುಹೋಗಿರುತ್ತವೆ. ಅಷ್ಟು ಹೊತ್ತು ಫೋನ್ ಸುಮ್ಮನಿರುವುದಿಲ್ಲ, ಹುಡುಕುತ್ತಿರುತ್ತದೆ. ಆ ಹುಡುಕಾಟದ ಹೊರೆ ಪ್ರತಿ ಹೊಸ ಮಾನದಂಡದ ಜೊತೆಗೂ ಏರುತ್ತಿದೆ, ಹುಡುಕಲು ಸಿಗುವ ಹೊತ್ತು ಇಳಿಯುತ್ತಿದೆ. ಈಗ ಬರೆಯಲಾಗುತ್ತಿರುವ 6ಜಿ ನಿಯಮಗಳಲ್ಲಿ ಇದನ್ನು ಸರಿಪಡಿಸದೆ ಹೋದರೆ, ಸಂಪರ್ಕ ಬಲು ಅಗತ್ಯವಾದ ಹೊತ್ತಿನಲ್ಲೇ ಕೈಕೊಡುವ ಜಾಲವನ್ನು ನಾವು ಕಟ್ಟಿಕೊಂಡಿರುತ್ತೇವೆ. ಇದು ಊಹೆಯ ಮಾತಲ್ಲ. ಮಾನದಂಡದ ಪುಟಗಳಲ್ಲೇ ಇರುವ ಅಂಕಿಗಳನ್ನು ಕೂಡಿ ಕಳೆದರೆ ಸಾಕು.

ಬೀಮ್ ಏಕೆ ಬೇಕಾಯಿತು ಎಂಬಲ್ಲಿಂದ ಶುರುಮಾಡೋಣ. ಆವರ್ತನ ಏರಿದಂತೆ ಆಂಟೆನಾ ಕಿರಿದಾಗುತ್ತದೆ. ಕಿರಿದಾದ ಆಂಟೆನಾ ಹಿಡಿಯುವ ಶಕ್ತಿಯೂ ಕಡಿಮೆ. 700 ಮೆಗಾಹರ್ಟ್ಸ್‌ನಿಂದ 28 ಗಿಗಾಹರ್ಟ್ಸ್‌ಗೆ ಏರಿದರೆ, ನಡುವೆ ಏನೂ ಅಡ್ಡವಿಲ್ಲದ ಬಯಲಿನಲ್ಲೂ 32 ಡೆಸಿಬೆಲ್ ಹೆಚ್ಚುವರಿ ನಷ್ಟ. ಇದನ್ನು ತುಂಬಿಕೊಳ್ಳಲು ನೂರಾರು ಪುಟ್ಟ ಆಂಟೆನಾಗಳನ್ನು ಒಂದೇ ಹಲಗೆಯ ಮೇಲೆ ಜೋಡಿಸಿ, ಎಲ್ಲವೂ ಒಂದೇ ದಿಕ್ಕಿಗೆ ಬಲ ಕೂಡಿಸುವಂತೆ ಮಾಡುತ್ತಾರೆ. ಹಾಗೆ ಒಟ್ಟಾಗಿ ಹೊರಟ ಶಕ್ತಿಯೇ ಬೀಮ್. ಇಂಥ ಗಿಡ್ಡ ಅಲೆಗಳನ್ನು, ಅಂದರೆ ಮಿಲಿಮೀಟರ್ ಅಲೆಗಳನ್ನು, ಹುಟ್ಟಿಸಿ, ಹಿಡಿದು ತೋರಿಸುವ ಕೆಲಸವನ್ನು ಜಗದೀಶ್ ಚಂದ್ರ ಬೋಸ್ 1890ರ ದಶಕದಲ್ಲೇ ಕಲ್ಕತ್ತೆಯಲ್ಲಿ ಮಾಡಿದ್ದರು. ಅವು ಮೊಬೈಲ್ ಜಾಲಕ್ಕೆ ಒಗ್ಗುತ್ತವೆ ಎಂಬ ನಂಬಿಕೆ ಹುಟ್ಟಲು ಮಾತ್ರ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಥಿಯೊಡರ್ ರಾಪಪೋರ್ಟ್ ಮತ್ತು ಸಂಗಡಿಗರು 28 ಮತ್ತು 38 ಗಿಗಾಹರ್ಟ್ಸ್‌ನಲ್ಲಿ ಬೀದಿಗಿಳಿದು ಅಳೆದು 2013ರಲ್ಲಿ ಪ್ರಕಟಿಸಿದ ಪ್ರಬಂಧ ಆ ನಂಬಿಕೆಗೆ ಬುನಾದಿ ಹಾಕಿತು.

ಆದರೆ ಬೀಮ್ ಕಿರಿದಾದಷ್ಟೂ ತಪ್ಪಿಹೋಗುವುದು ಸುಲಭ. ಹತ್ತು ಡಿಗ್ರಿ ಅಗಲದ ಬೀಮ್ ಟವರಿನಿಂದ ನೂರು ಮೀಟರ್ ದೂರದಲ್ಲಿ ಸುಮಾರು 17 ಮೀಟರ್ ಹರಡಿರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದನ್ನು ಅಡ್ಡಹಾಯುವ ಬಸ್ಸು ಒಂದೇ ಸೆಕೆಂಡಿನಲ್ಲಿ ಆಚೆಗಿರುತ್ತದೆ. 3 ಗಿಗಾಹರ್ಟ್ಸ್‌ವರೆಗಿನ ತರಂಗಪಟ್ಟಿಗಳಲ್ಲಿ ಟವರು ತನ್ನ ಗುರುತಿನ ಸಂಕೇತವನ್ನು ಗರಿಷ್ಠ 4 ದಿಕ್ಕುಗಳಲ್ಲಿ ಬೀರುತ್ತದೆ. 3ರಿಂದ 6 ಗಿಗಾಹರ್ಟ್ಸ್‌ನಲ್ಲಿ 8, ಮಿಲಿಮೀಟರ್ ಅಲೆಗಳಲ್ಲಿ 64. ಒಂದು ಬೀಮ್ ಕೈಬಿಟ್ಟರೆ ಉಳಿದ 63ರಲ್ಲಿ ಯಾವುದು ತನ್ನನ್ನು ಹಿಡಿದೀತು ಎಂದು ಫೋನ್ ಪತ್ತೆಹಚ್ಚಬೇಕು, ಅದೂ ಮಿಲಿಸೆಕೆಂಡುಗಳಲ್ಲಿ.

ಆಗ ಏನೇನು ಆಗಬೇಕು ಎಂಬುದನ್ನು ಜಾಗತಿಕ ಮಾನದಂಡ ಕೂಟವಾದ 3ಜಿಪಿಪಿ 2018ರ ರಿಲೀಸ್ 15 ಎಂಬ ಆವೃತ್ತಿಯಲ್ಲೇ ಬರೆದಿಟ್ಟಿದೆ. ಫೋನ್ ತನ್ನ ಬೀಮ್‌ನ ಬಲವನ್ನು ಅಳೆಯುತ್ತಲೇ ಇರುತ್ತದೆ. ಇಷ್ಟು ಬಲದಲ್ಲಿ ನಿಯಂತ್ರಣ ಸಂದೇಶ ಬಂದರೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಸಲ ಓದಲಾಗದೆ ಹೋಗುತ್ತದೆ ಎಂದು ಅಳತೆ ಹೇಳಿದಾಗ ಒಂದು ವೈಫಲ್ಯ ಎಂದು ಗುರುತು ಹಾಕಿಕೊಳ್ಳುತ್ತದೆ. ಜಾಲ ಗೊತ್ತುಮಾಡಿದಷ್ಟು ಗುರುತುಗಳು ಟೈಮರ್ ಮುಗಿಯದಂತೆ ಒಂದರ ಹಿಂದೊಂದು ಬಿದ್ದರೆ ಬೀಮ್ ಹೋಯಿತೆಂದೇ ಲೆಕ್ಕ. ಕೂಡಲೇ ಫೋನ್ ಪರ್ಯಾಯ ಬೀಮ್‌ಗಳ ಪಟ್ಟಿಯಲ್ಲಿ ಸಾಕಷ್ಟು ಬಲವಿರುವ ಒಂದನ್ನು ಆರಿಸಿ, ಅದಕ್ಕೆಂದೇ ಮೀಸಲಿಟ್ಟ ಕರೆಸಂಕೇತವನ್ನು ಟವರಿಗೆ ಕಳಿಸುತ್ತದೆ. ನಾಲ್ಕು ಸ್ಲಾಟ್‌ಗಳ ನಂತರ ಉತ್ತರಕ್ಕಾಗಿ ಕಾಯಲು ತೊಡಗುತ್ತದೆ. ಉತ್ತರ ಬಂದರೆ ಬದುಕಿತು. ಬಾರದಿದ್ದರೆ ಮತ್ತೆ ಕರೆ, ಮತ್ತೆ ಕಾಯುವುದು. ಕೊನೆಗೆ ಕೊಂಡಿಯೇ ಕಡಿದು ಇಡೀ ಸಂಪರ್ಕವನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ.

ತೊಡಕಿರುವುದು ಆ ಕಾಯುವಿಕೆಯಲ್ಲಿ. ಟವರು ಕಳಿಸುವ ನಿಯಂತ್ರಣ ಸಂದೇಶ ಎಲ್ಲಿ ಬಂದಿದೆ, ಎಷ್ಟು ಉದ್ದವಿದೆ, ಎಷ್ಟು ಬಲವಾಗಿ ಸಂಕೇತಿಸಲಾಗಿದೆ, ಕಡೆಗೆ ಅದು ತನಗೇ ಬಂದದ್ದೇ ಎಂಬುದು ಫೋನಿಗೆ ಮುಂಚಿತವಾಗಿ ತಿಳಿದಿರುವುದಿಲ್ಲ. ಓಣಿಯ ಎಲ್ಲ ಮನೆಗಳ ಕಾಗದಗಳನ್ನೂ ಅಂಚೆಯವನು ಒಂದೇ ಡಬ್ಬದಲ್ಲಿ ಸುರಿದು, ವಿಳಾಸವನ್ನು ಲಕೋಟೆಯ ಒಳಗಡೆ ಬರೆದಿಟ್ಟರೆ ಏನಾಗುತ್ತದೋ ಇದೂ ಹಾಗೆಯೇ: ಪ್ರತಿಯೊಂದನ್ನೂ ಒಡೆದು ನೋಡಬೇಕು. ಇಂಜಿನಿಯರುಗಳು ಇದನ್ನು ಬ್ಲೈಂಡ್ ಡಿಕೋಡಿಂಗ್ ಎನ್ನುತ್ತಾರೆ. ಸಂದೇಶ ಇರಬಹುದಾದ ಜಾಗಗಳ ಗುಂಪಿಗೆ ಸರ್ಚ್ ಸ್ಪೇಸ್ ಎಂದು ಹೆಸರು. ಪ್ರತಿ ಜಾಗದಲ್ಲೂ ಫೋನ್ ಒಮ್ಮೆ ದೋಷ ತಿದ್ದುವ ಪೋಲಾರ್ ಕೋಡ್ ಬಿಡಿಸಿ, 24 ಬಿಟ್‌ಗಳ ತಾಳೆ ನೋಡಿ, ಅದರಲ್ಲಿ ತನ್ನ ಗುರುತಿನ ಸಂಖ್ಯೆ ಬೆರೆತಿದೆಯೇ ಎಂದು ಪರೀಕ್ಷಿಸುತ್ತದೆ. ಹೆಚ್ಚಿನ ಜಾಗಗಳು ಖಾಲಿ ಇರುತ್ತವೆ, ಇಲ್ಲವೇ ಬೇರೆಯವರವಾಗಿರುತ್ತವೆ. ಮಾಡುವ ಕೆಲಸದಲ್ಲಿ ಬಹುಪಾಲು ವ್ಯರ್ಥವೇ.

ಈ ವ್ಯರ್ಥಕ್ಕೆ ಮಾನದಂಡ ಒಂದು ಮಿತಿ ಹಾಕಿದೆ. ಸಂಕೇತವನ್ನು ಹಂಚಿ ಹೊರುವ ಕಿರು ಅಲೆಗಳಾದ ಉಪವಾಹಕಗಳ ಅಂತರ 15 ಕಿಲೋಹರ್ಟ್ಸ್ ಇದ್ದಾಗ ಪ್ರತಿ ಸ್ಲಾಟ್‌ಗೆ 44 ಡಿಕೋಡಿಂಗ್, 30ರಲ್ಲಿ 36, 60ರಲ್ಲಿ 22, ಮಿಲಿಮೀಟರ್ ಅಲೆಗಳಲ್ಲಿ ಬಳಸುವ 120ರಲ್ಲಿ 20. ನೋಡಿದರೆ ಇಳಿಕೆಯೇ. ಆದರೆ ಅಂತರ ದುಪ್ಪಟ್ಟಾದಾಗಲೆಲ್ಲ ಸ್ಲಾಟ್‌ನ ಅವಧಿ ಅರ್ಧವಾಗುತ್ತದೆ. ಸೆಕೆಂಡಿನ ಲೆಕ್ಕಕ್ಕೆ ತಂದರೆ ಚಿತ್ರ ತಿರುಗುಮುರುಗು: 44 ಸಾವಿರ, 72 ಸಾವಿರ, 88 ಸಾವಿರ, ಕೊನೆಗೆ ಒಂದು ಲಕ್ಷದ ಅರವತ್ತು ಸಾವಿರ. ನಾಲ್ಕು ವಾಹಕಗಳನ್ನು, ಅಂದರೆ ರೇಡಿಯೊ ಚಾನೆಲ್‌ಗಳನ್ನು, ಜೋಡಿಸಿದ ಫೋನಿನಲ್ಲಿ ಈ ಕೊನೆಯ ಸಂಖ್ಯೆ ಆರು ಲಕ್ಷ ನಲವತ್ತು ಸಾವಿರಕ್ಕೆ ಮುಟ್ಟುತ್ತದೆ. ಇವು ಗರಿಷ್ಠ ಮಿತಿಗಳು. ನಿತ್ಯದ ಬಳಕೆಯಲ್ಲಿ ಫೋನ್ ನಡುನಡುವೆ ನಿದ್ರಿಸುತ್ತದೆ, ಎಲ್ಲ ಸ್ಲಾಟ್‌ಗಳಲ್ಲೂ ಕಿವಿಗೊಡುವುದಿಲ್ಲ. ಬೀಮ್ ತಪ್ಪಿ ಉತ್ತರಕ್ಕೆ ಕಾದಿರುವಾಗ ಮಾತ್ರ ಅದು ನಿದ್ರಿಸುವಂತಿಲ್ಲ.

ನನ್ನ ಆತಂಕ ಈ ಎಣಿಕೆಗಿಂತ ಇನ್ನೊಂದು ಮಿತಿಯ ಬಗ್ಗೆ. ನಿಯಂತ್ರಣ ಸಂದೇಶವನ್ನು ಸಿಸಿಇ ಎಂಬ ತುಂಡುಗಳಲ್ಲಿ ಕಳಿಸುತ್ತಾರೆ. ಸಂಕೇತ ಚೆನ್ನಾಗಿದ್ದರೆ ಒಂದೇ ತುಂಡು ಸಾಕು. ದುರ್ಬಲವಾದಂತೆ 2, 4, 8, 16 ತುಂಡುಗಳಲ್ಲಿ ಅದೇ ಮಾಹಿತಿಯನ್ನು ಹರಡಿ ಕಳಿಸಬೇಕು. 120 ಕಿಲೋಹರ್ಟ್ಸ್‌ನಲ್ಲಿ ಒಂದು ಸ್ಲಾಟ್‌ನಲ್ಲಿ ಫೋನ್ ಪರಿಶೀಲಿಸಬೇಕಾದ ತುಂಡುಗಳ ಮಿತಿ 32. ಈಗ ಬೀಮ್ ತಪ್ಪಿದ ಗಳಿಗೆಯನ್ನು ನೆನೆಯಿರಿ. ಹಳೆಯ ಬೀಮ್ ಸತ್ತಿದೆ ಅಥವಾ ಸಾಯುತ್ತಿದೆ, ಹೊಸದು ಇನ್ನೂ ಪಳಗಿಲ್ಲ. ಅತಿ ಗಟ್ಟಿಯಾದ 16 ತುಂಡುಗಳ ಸಂದೇಶ ಬೇಕಾಗುವುದು ಆಗಲೇ. ಅಂಥ ಸಂದೇಶಕ್ಕೆ ಒಂದರ ಮೇಲೊಂದು ಬೀಳದ ಎರಡು ಜಾಗಗಳನ್ನು ಇಟ್ಟರೆ 32 ಮುಗಿದೇ ಹೋಯಿತು. ಹಳೆಯ ಬೀಮ್‌ನ ಸರ್ಚ್ ಸ್ಪೇಸ್‌ಗಳನ್ನೂ ಇನ್ನೊಂದು ಕಡೆ ಕೇಳಿಸಿಕೊಳ್ಳುತ್ತಿದ್ದರೆ ಮಿತಿ ಮೀರಿತು. ಮೀರಿದಾಗ ಮಾನದಂಡದ ಉತ್ತರ ನಿರ್ದಾಕ್ಷಿಣ್ಯವಾದದ್ದು: ಎಲ್ಲರಿಗೂ ಸಾಮಾನ್ಯವಾದ ಸರ್ಚ್ ಸ್ಪೇಸ್‌ಗಳು ಮೊದಲು, ಆಮೇಲೆ ಆ ಸಾಧನದ ಸ್ವಂತದವು ಕ್ರಮಸಂಖ್ಯೆಯ ಪ್ರಕಾರ, ಹಿಡಿಸದೆ ಉಳಿದವು ಆ ಸ್ಲಾಟ್‌ಗೆ ಇಲ್ಲ. ಯಾವ ಸಂದೇಶ ತುರ್ತಿನದು ಎಂಬ ವಿಚಾರಣೆ ಅಲ್ಲಿಲ್ಲ. ಕ್ರಮಸಂಖ್ಯೆಗಳನ್ನು ಹಂಚುವ ಇಂಜಿನಿಯರ್ ಮೈಮರೆತರೆ ಬೇಡದ ಸಂದೇಶಕ್ಕೆ ಜಾಗ ಸಿಕ್ಕು, ಬೇಕಾದದ್ದು ಹೊರಗುಳಿಯುತ್ತದೆ.

ಇನ್ನೊಂದು ಭೌತಿಕ ಅಡಚಣೆಯೂ ಇದೆ. ಮಿಲಿಮೀಟರ್ ಅಲೆಯ ಸಾಮಾನ್ಯ ಫೋನ್ ಒಂದು ಹೊತ್ತಿಗೆ ಒಂದೇ ದಿಕ್ಕಿಗೆ ಕಿವಿ ತಿರುಗಿಸಬಲ್ಲದು. ಹಳೆಯ ಬೀಮ್‌ನ ಸಂದೇಶವೂ ಹೊಸ ಬೀಮ್‌ನ ಉತ್ತರವೂ ಒಂದೇ ಕ್ಷಣಕ್ಕೆ ಬಂದರೆ ಒಂದನ್ನು ಬಿಡಲೇಬೇಕು.

ರಿಲೀಸ್ 15ರ ಹೊತ್ತಿಗೆ ಈ ವಿಚಾರ ಗೊತ್ತಿರಲಿಲ್ಲವೆಂದಲ್ಲ. ತಪ್ಪಿದ ಬೀಮ್‌ನ ಚೇತರಿಕೆಯ ಉತ್ತರಕ್ಕೆಂದೇ ಪ್ರತ್ಯೇಕ ಸರ್ಚ್ ಸ್ಪೇಸ್ ಮೀಸಲಿಟ್ಟದ್ದು ಒಳ್ಳೆಯ ನಡೆ. ಆಮೇಲಿನ ವರ್ಷಗಳಲ್ಲಿ ಅದರ ಸುತ್ತ ಒಂದೊಂದೇ ಕಟ್ಟಡ ಎದ್ದಿತು. ರಿಲೀಸ್ 16ರಲ್ಲಿ ಜೋಡಿಸಿದ ಹೆಚ್ಚುವರಿ ವಾಹಕಗಳಿಗೂ ಚೇತರಿಕೆ ಬಂತು. ರಿಲೀಸ್ 17ರಲ್ಲಿ ಒಂದೇ ಫೋನಿಗೆ ಎರಡು ಕಡೆಗಳಿಂದ ಪ್ರಸಾರ ನಡೆದಾಗ ಪ್ರತಿ ಕಡೆಗೂ ಬೇರೆ ಬೇರೆ ಚೇತರಿಕೆ ಬಂತು. ಅದೇ ರಿಲೀಸ್‌ನಲ್ಲಿ ನಿಯಂತ್ರಣ ಸಂದೇಶವನ್ನು ಎರಡೂ ಕಡೆಗಳಿಂದ ಪುನರಾವರ್ತಿಸುವ ಏರ್ಪಾಡಾಯಿತು. ಎರಡನ್ನೂ ಕೂಡಿಸಿ ಓದಲು ಬಯಸುವ ಫೋನಿಗೆ ಆ ಜೋಡಿಯನ್ನು ಮೂರು ಡಿಕೋಡಿಂಗ್ ಎಂದು ಲೆಕ್ಕ ಹಿಡಿಯಲು ಅವಕಾಶವಿದೆ. ಒಂದೊಂದೂ ಸಮರ್ಥನೀಯವೇ, ಒಂದೊಂದೂ ಸಂಪರ್ಕವನ್ನು ಗಟ್ಟಿಮಾಡಲೆಂದೇ ಬಂದದ್ದು. ಒಟ್ಟು ಹೊರೆಯನ್ನು ಮಾತ್ರ ಯಾರೂ ಒಂದೇ ಹಾಳೆಯ ಮೇಲೆ ಕೂಡಿಸಿ ನೋಡಿದಂತೆ ಕಾಣುವುದಿಲ್ಲ.

ಹೊರೆ ಎಲ್ಲಿಗೆ ಮುಟ್ಟಿದೆ ಎಂಬುದಕ್ಕೆ ಮಾನದಂಡವೇ ಕೊಟ್ಟ ಸಾಕ್ಷಿ ಇದೆ. ರಿಲೀಸ್ 17 ತರಂಗಪಟ್ಟಿಯನ್ನು 71 ಗಿಗಾಹರ್ಟ್ಸ್‌ವರೆಗೆ ಹಿಗ್ಗಿಸಿತು. ಅಲ್ಲಿ ಉಪವಾಹಕಗಳ ಅಂತರ 480 ಅಥವಾ 960 ಕಿಲೋಹರ್ಟ್ಸ್ ಇರಬಹುದು. ಆಗ ಸ್ಲಾಟ್‌ನ ಅವಧಿ ಕ್ರಮವಾಗಿ 31 ಮತ್ತು 16 ಮೈಕ್ರೊಸೆಕೆಂಡ್ ಆಸುಪಾಸು. ಪ್ರತಿ ಸ್ಲಾಟ್‌ನಲ್ಲೂ ಹುಡುಕುವುದು ಸಾಧನಗಳಿಗೆ ಸಾಧ್ಯವಿಲ್ಲವೆಂದು ಒಪ್ಪಿ ನಾಲ್ಕು ಅಥವಾ ಎಂಟು ಸ್ಲಾಟ್‌ಗಳ ಗುಂಪಿಗೆ ಒಮ್ಮೆ ಹುಡುಕುವ ಪದ್ಧತಿ ತರಬೇಕಾಯಿತು. ಅಂದರೆ ಪ್ರತಿ ಸ್ಲಾಟ್‌ನಲ್ಲೂ ಎಲ್ಲವನ್ನೂ ಒಡೆದು ನೋಡುವ ದಾರಿ ಒಮ್ಮೆ ಆಗಲೇ ಗೋಡೆಗೆ ಬಡಿದಿದೆ.

ಹುಡುಕಾಟ ಹೆಚ್ಚಿದಂತೆ ತಪ್ಪು ಕಾಣುವುದೂ ಹೆಚ್ಚುತ್ತದೆ. ಖಾಲಿ ಜಾಗದ ಗದ್ದಲವೇ ಆಕಸ್ಮಿಕವಾಗಿ ತಾಳೆಯಾಗಿ, ತನಗೆ ಬಂದ ಸಂದೇಶವೆಂದು ಫೋನ್ ನಂಬುವ ಸಂಭವವಿದೆ. 4ಜಿಯಲ್ಲಿ ತಾಳೆಯ ಬಿಟ್‌ಗಳು 16. ಹಾಗಾಗಿ 65,536 ಡಿಕೋಡಿಂಗ್‌ಗಳಿಗೆ ಸುಮಾರು ಒಂದು ಸುಳ್ಳು. ಸೆಕೆಂಡಿಗೆ 44 ಸಾವಿರ ಸಲ ಹುಡುಕುವ 4ಜಿ ಸಾಧನಕ್ಕೆ ಒಂದೂವರೆ ಸೆಕೆಂಡಿಗೊಮ್ಮೆ ಇಂಥದ್ದು ಎದುರಾಗಬಹುದಿತ್ತು. ಸಂದೇಶದ ಒಳಗಿನ ಅಂಕಿಗಳು ಅಸಂಬದ್ಧವಾಗಿದ್ದರೆ ತಳ್ಳಿಹಾಕುವ ಹೆಚ್ಚುವರಿ ಪರೀಕ್ಷೆಗಳಿಂದ ಅದು ತಪ್ಪುತ್ತಿತ್ತು. 5ಜಿ 24 ಬಿಟ್‌ಗಳಿಗೆ ಏರಿದ್ದರಲ್ಲಿ ಈ ಚಿಂತೆಯೂ ಇತ್ತು. ಪೋಲಾರ್ ಕೋಡ್ ಬಿಡಿಸುವ ಸಾಮಾನ್ಯ ವಿಧಾನದಲ್ಲಿ ಎಂಟು ಸಾಧ್ಯತೆಗಳನ್ನು ಒಟ್ಟಿಗೆ ಹಿಡಿದುಕೊಂಡು ಹೋಗುವುದರಿಂದ ಮೂರು ಬಿಟ್‌ಗಳ ರಕ್ಷಣೆ ಅಲ್ಲೇ ಕರಗುತ್ತದೆ. ಉಳಿಯುವುದು 21, ಅಂದರೆ ಸುಮಾರು 21 ಲಕ್ಷಕ್ಕೆ ಒಂದು. ಸೆಕೆಂಡಿಗೆ ಒಂದು ಲಕ್ಷ ಅರವತ್ತು ಸಾವಿರ ಹುಡುಕಾಟವಿದ್ದರೆ 13 ಸೆಕೆಂಡಿಗೊಂದು ಸುಳ್ಳು. ನಾಲ್ಕು ವಾಹಕಗಳಿದ್ದರೆ ಸುಮಾರು ಮೂರು ಸೆಕೆಂಡಿಗೊಂದು.

ಸಾಧಾರಣ ಸಮಯದಲ್ಲಿ ಇದು ಸಣ್ಣ ಕಿರಿಕಿರಿ. ಚೇತರಿಕೆಯ ವೇಳೆ ಹಾಗಲ್ಲ. ಮೀಸಲು ಸರ್ಚ್ ಸ್ಪೇಸ್‌ನಲ್ಲಿ ತನ್ನ ಗುರುತಿನ ಒಂದು ಸಂದೇಶ ಕಂಡರೆ ಸಾಕು, ಚೇತರಿಕೆ ಆಯಿತೆಂದೇ ಫೋನ್ ತೀರ್ಮಾನಿಸುತ್ತದೆ. ಕಾಯುವ ಕಿಂಡಿ 80 ಸ್ಲಾಟ್‌ಗಳವರೆಗೆ ತೆರೆದಿರಬಹುದು. ಅಷ್ಟರಲ್ಲೂ ಪೂರ್ಣ ಮಿತಿಯಷ್ಟು ಹುಡುಕಿದರೆ 1,600 ಡಿಕೋಡಿಂಗ್. ಉತ್ತರ ಬಾರದ ಸುಮಾರು 1,300 ಕಿಂಡಿಗಳಲ್ಲಿ ಒಂದರಲ್ಲಿ ಫೋನ್ ಇಲ್ಲದ ಉತ್ತರವನ್ನು ಕೇಳಿ ಸಮಾಧಾನಪಟ್ಟುಕೊಳ್ಳುತ್ತದೆ. ಟವರಿಗೆ ಇದರ ಸುಳಿವಿಲ್ಲ. ಆ ಸುಳ್ಳು ಸಂದೇಶ ಪ್ರಸಾರಕ್ಕೆ ಅನುಮತಿ ಕೊಟ್ಟಂತಿದ್ದರೆ ಫೋನ್ ಬೇರೆಯವರ ಜಾಗದಲ್ಲಿ ಬಾಯಿ ಹಾಕುತ್ತದೆ. ತಪ್ಪು ತಿಳಿಯಬೇಕಾದರೆ ವೈಫಲ್ಯದ ಎಣಿಕೆ ಮತ್ತೆ ಮೊದಲಿನಿಂದ ಆಗಬೇಕು. 1,300ಕ್ಕೆ ಒಂದು ಎಂಬುದು ವಿಡಿಯೊ ನೋಡುವವರಿಗೆ ಏನೂ ಅಲ್ಲ. ಆದರೆ 6ಜಿಯ ಗುರಿಗಳನ್ನು ನಿರೂಪಿಸಿದ, ವಿಶ್ವಸಂಸ್ಥೆಯ ದೂರಸಂಪರ್ಕ ಒಕ್ಕೂಟವಾದ ಐಟಿಯುವಿನ 2023ರ ಚೌಕಟ್ಟು ಲಕ್ಷಕ್ಕೆ ಒಂದರಿಂದ ಕೋಟಿಗೆ ಒಂದರಷ್ಟು ಮಾತ್ರ ವಿಫಲವಾಗುವ ವಿಶ್ವಾಸಾರ್ಹತೆಯನ್ನೂ, 0.1ರಿಂದ 1 ಮಿಲಿಸೆಕೆಂಡ್ ವಿಳಂಬವನ್ನೂ ಬರೆದಿಟ್ಟಿದೆ. ಆ ಗುರಿಯ ಪಕ್ಕದಲ್ಲಿ ಈ ಅಂಕಿಯನ್ನಿಟ್ಟು ನೋಡಿದರೆ ನಗು ಬರುವುದಿಲ್ಲ.

ಬ್ಯಾಟರಿಯ ಮಾತಿಗೆ ಬರೋಣ. 3ಜಿಪಿಪಿಯ ವಿದ್ಯುತ್ ಉಳಿತಾಯದ ಅಧ್ಯಯನ ಫೋನಿನ ಗಾಢ ನಿದ್ರೆಯ ಬಳಕೆಯನ್ನು 1 ಎಂದು ಹಿಡಿದು ಉಳಿದ ಸ್ಥಿತಿಗಳನ್ನು ಅಳೆಯಿತು. ಯಾವ ದತ್ತಾಂಶವೂ ಬಾರದೆ ನಿಯಂತ್ರಣ ಸಂದೇಶವನ್ನಷ್ಟೇ ಹುಡುಕುವ ಸ್ಲಾಟ್‌ಗೆ ಮಧ್ಯಮ ಆವರ್ತನದಲ್ಲಿ 100, ಮಿಲಿಮೀಟರ್ ಅಲೆಯಲ್ಲಿ 175. ಎರಡನೆಯದರಲ್ಲಿ ದತ್ತಾಂಶವನ್ನೂ ಸ್ವೀಕರಿಸಿದರೆ 350. ಏನೂ ಸಿಗದೆ ಹುಡುಕುವುದಕ್ಕೂ ಸಿಕ್ಕಿದ್ದನ್ನು ಪಡೆಯುವುದಕ್ಕೂ ನಡುವೆ ಬರೀ ಎರಡು ಪಟ್ಟು ವ್ಯತ್ಯಾಸ. ಬಿಸಿಯಾಗುವ ಫೋನಿನ ಪಾಡು ಅಮೆರಿಕದಲ್ಲಿ ಆಗಲೇ ಕಂಡಿದೆ. 2019ರ ಬೇಸಿಗೆಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನ ಜೊವಾನಾ ಸ್ಟರ್ನ್ ಹೊಸ 5ಜಿ ಫೋನುಗಳನ್ನು ಪರೀಕ್ಷಿಸುವಾಗ ಅವು ಕಾದು 4ಜಿಗೆ ಇಳಿಯುತ್ತಿದ್ದವು. ತಣಿಸಲು ಐಸ್ ತುಂಬಿದ ಪೆಟ್ಟಿಗೆ ಬೇಕಾಯಿತು. ಮಿನ್ನೆಸೊಟಾ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ಮಿಲಿಮೀಟರ್ ಅಲೆಯ 5ಜಿ ಸೆಕೆಂಡಿಗೆ 2 ಗಿಗಾಬಿಟ್‌ವರೆಗೆ ಮುಟ್ಟಿತ್ತು. ಮೈಯೋ ಗೋಡೆಯೋ ಅಡ್ಡ ಬಂದಾಗ ಫೋನ್ 4ಜಿಗೆ ಜಾರುತ್ತಿತ್ತು. ಸಂಶೋಧಕಿ ಮೊನಿಷಾ ಘೋಷ್ ಮತ್ತು ಜೊತೆಗಾರರು ಮುಂದೆ ನಡೆಸಿದ ಪ್ರಯೋಗಗಳಲ್ಲಿ ಫೋನ್ ಕಾದಂತೆ ಜೋಡಿಸಿಕೊಂಡ ವಾಹಕಗಳು 4ರಿಂದ 1ಕ್ಕೆ ಇಳಿದವು. ಈ ಶಾಖವೆಲ್ಲ ಬ್ಲೈಂಡ್ ಡಿಕೋಡಿಂಗ್‌ನಿಂದ ಬಂದದ್ದಲ್ಲ. ದೊಡ್ಡ ಪಾಲು ರೇಡಿಯೊ ಭಾಗ ಮತ್ತು ಡೌನ್‌ಲೋಡಿನದು. ಆದರೆ ಅಂಚಿನಲ್ಲಿ ನಿಂತ ಸಾಧನದ ಮೇಲೆ ಇನ್ನೂ ಹೊರೆ ಹೇರುವ ಮುನ್ನ ಯೋಚಿಸಬೇಕಾದದ್ದು ಇಂಥ ಅಳತೆಗಳನ್ನು ಮುಂದಿಟ್ಟುಕೊಂಡೇ.

ನಮ್ಮಲ್ಲಿ ಮಿಲಿಮೀಟರ್ ಅಲೆಯೇ ಎಲ್ಲಿದೆ ಎಂದು ಕೇಳುವವರಿದ್ದಾರೆ, ಸರಿಯಾದ ಪ್ರಶ್ನೆ. 2022ರ ಹರಾಜಿನಲ್ಲಿ ಜಿಯೊ ಕರ್ನಾಟಕವೂ ಸೇರಿ 22 ವಲಯಗಳಲ್ಲಿ 26 ಗಿಗಾಹರ್ಟ್ಸ್‌ನ ತಲಾ 1,000 ಮೆಗಾಹರ್ಟ್ಸ್, ಏರ್‌ಟೆಲ್ ತಲಾ 800 ಮೆಗಾಹರ್ಟ್ಸ್ ಕೊಂಡವು. ಆ ಅಕ್ಟೋಬರ್ 1ರಂದು 5ಜಿ ಉದ್ಘಾಟನೆಯಾದ ಮೇಲೆ ನಮ್ಮ ಕೈಯಲ್ಲಿರುವ ಫೋನುಗಳು ಓಡುತ್ತಿರುವುದು ಬಹುತೇಕ 3.3 ಗಿಗಾಹರ್ಟ್ಸ್ ಪಟ್ಟಿಯ ಮತ್ತು ಅದಕ್ಕಿಂತ ಕೆಳಗಿನ ತರಂಗಗಳಲ್ಲಿ. ಅಲ್ಲಿ ಬೀಮ್‌ಗಳು ಅಗಲ, ತಪ್ಪಿದರೂ 4ಜಿಯ ಆಸರೆ ಇದೆ. ಸದ್ಯಕ್ಕೆ ಅಪಾಯ ಕಾಣದಿರುವುದು ಇದರಿಂದಲೇ.

ಅಪಾಯ ಎರಡು ಕಡೆಯಿಂದ ಬರುತ್ತಿದೆ. ಮೊದಲನೆಯದು 6ಜಿಯ ಹೊಸ ತರಂಗಪಟ್ಟಿಗಳು. 2027ರ ವಿಶ್ವ ರೇಡಿಯೊ ಸಮ್ಮೇಳನದ ಮುಂದೆ 7.125ರಿಂದ 8.4 ಮತ್ತು 14.8ರಿಂದ 15.35 ಗಿಗಾಹರ್ಟ್ಸ್ ಪಟ್ಟಿಗಳ ಪ್ರಶ್ನೆಯಿದೆ. 3.5ರಿಂದ 7 ಗಿಗಾಹರ್ಟ್ಸ್‌ಗೆ ಹೋದರೆ ಅಲೆ ಅರ್ಧಕ್ಕಿಳಿಯುತ್ತದೆ. ಅದೇ ಅಳತೆಯ ಹಲಗೆಯಲ್ಲಿ ನಾಲ್ಕು ಪಟ್ಟು ಆಂಟೆನಾಗಳು ಕೂರುತ್ತವೆ. ಬೀಮ್ ಅಡ್ಡಕ್ಕೂ ಉದ್ದಕ್ಕೂ ಅರ್ಧವಾಗುತ್ತದೆ. ಅದೇ ಬಡಾವಣೆಯನ್ನು ತುಂಬಲು ನಾಲ್ಕು ಪಟ್ಟು ಬೀಮ್‌ಗಳು ಬೇಕು. ಬೀಮ್ ತಪ್ಪುವುದು ಅಮೆರಿಕದ ಕೆಲವು ಬೀದಿಗಳ ಸಮಸ್ಯೆಯಾಗಿ ಉಳಿಯದೆ ಪ್ರತಿ ಫೋನಿನ ದಿನಚರಿಯಾಗುತ್ತದೆ.

ಎರಡನೆಯದು ಅಗ್ಗದ ಸಾಧನಗಳು, ನನಗೆ ಹೆಚ್ಚು ಕಳವಳ ಇದರದೇ. ರಿಲೀಸ್ 17 ರೆಡ್‌ಕ್ಯಾಪ್ ಎಂಬ ಸರಳ 5ಜಿ ಸಾಧನಗಳ ವರ್ಗವನ್ನು ತಂದಿತು. ಕೈಗಡಿಯಾರ, ಕ್ಯಾಮೆರಾ, ಕಾರ್ಖಾನೆಯ ಸಂವೇದಕಗಳಿಗೆ ಇದು. ನಮ್ಮ 5ಜಿ ನಡೆಯುವ 3.3 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮಾಮೂಲಿ ಫೋನಿಗೆ ನಾಲ್ಕು ಸ್ವೀಕಾರ ಆಂಟೆನಾಗಳು ಕಡ್ಡಾಯ, ರೆಡ್‌ಕ್ಯಾಪ್‌ಗೆ ಒಂದಿದ್ದರೂ ಸಾಕು. ನಾಲ್ಕರಿಂದ ಒಂದಕ್ಕೆ ಇಳಿದರೆ 6 ಡೆಸಿಬೆಲ್ ನಷ್ಟ. ಅದನ್ನು ತುಂಬಲು ನಿಯಂತ್ರಣ ಸಂದೇಶವನ್ನು ನಾಲ್ಕು ಪಟ್ಟು ತುಂಡುಗಳಲ್ಲಿ ಕಳಿಸಬೇಕು: ಫೋನಿಗೆ 4 ತುಂಡು ಸಾಕಾದ ಜಾಗದಲ್ಲಿ ಇದಕ್ಕೆ 16. ರೆಡ್‌ಕ್ಯಾಪ್‌ನ ಅಗಲವೋ 20 ಮೆಗಾಹರ್ಟ್ಸ್ ಮಾತ್ರ. 30 ಕಿಲೋಹರ್ಟ್ಸ್ ಅಂತರದಲ್ಲಿ ಅಷ್ಟರೊಳಗೆ ಹಿಡಿಸುವ ನಿಯಂತ್ರಣ ಪ್ರದೇಶದಲ್ಲಿ ಹೆಚ್ಚೆಂದರೆ 24 ತುಂಡುಗಳು. 16 ತುಂಡಿನ ಸಂದೇಶ ಅಲ್ಲಿ ಒಂದೇ ಒಂದು ಕೂರುತ್ತದೆ. ಒಂದೇ ಗಳಿಗೆಯಲ್ಲಿ ಎರಡು ಸಾಧನಗಳ ಬೀಮ್ ತಪ್ಪಿದರೆ ಒಂದು ಕಾಯಬೇಕು, ಹತ್ತು ತಪ್ಪಿದರೆ ಒಂಬತ್ತು ಕಾಯಬೇಕು. ಒಂದು ದೊಡ್ಡ ಲಾರಿ ಗೇಟಿನೊಳಗೆ ಬಂದು ನಿಂತಾಗ ಕಾರ್ಖಾನೆಯ ಅರ್ಧ ಸಂವೇದಕಗಳು ಒಟ್ಟಿಗೇ ಟವರನ್ನು ಕೂಗುವ ಸಂದರ್ಭ ಅಪರೂಪದ್ದಲ್ಲ. ಬೀಮ್ ವೈಫಲ್ಯಗಳು ಒಂಟಿಯಾಗಿ ಬರುವುದಿಲ್ಲ, ಅಡ್ಡಿಯೊಂದು ಬಂದಾಗ ಗುಂಪಾಗಿ ಬರುತ್ತವೆ. ದುಬಾರಿ ಫೋನಿಟ್ಟವರು ಪಾರಾಗುತ್ತಾರೆ.

ಚಿಪ್‌ಗಳು ವೇಗವಾಗುತ್ತಲೇ ಇವೆ, ಸಮಸ್ಯೆ ತಾನಾಗಿ ಕರಗುತ್ತದೆ ಎಂಬ ವಾದವಿದೆ. ಡಿಕೋಡಿಂಗ್ ಎಣಿಕೆಯ ಮಟ್ಟಿಗೆ ಅದರಲ್ಲಿ ಹುರುಳಿದೆ. ಆದರೆ ತುಂಡುಗಳಿಗೆ ಗಾಳಿಯಲ್ಲಿ ಜಾಗವಿಲ್ಲದಿದ್ದರೆ ಚಿಪ್ ಏನು ಮಾಡೀತು? ಡಿಕೋಡಿಂಗ್ ಸಂಖ್ಯೆಯನ್ನೇ ಸಾರಾಸಗಟಾಗಿ ಕಡಿದುಬಿಡೋಣ ಎಂಬ ಇನ್ನೊಂದು ವಾದವೂ ಇದೆ. ರೆಡ್‌ಕ್ಯಾಪ್ ಅಧ್ಯಯನದಲ್ಲಿ ಇದನ್ನು ಪರಿಶೀಲಿಸಿದ್ದರು. ಉಳಿತಾಯ ಸಾಧಾರಣ, ಸಂದೇಶಗಳು ಜಾಗ ಸಿಗದೆ ತಡೆಗೊಳ್ಳುವುದು ಹೆಚ್ಚು ಎಂದು ಕಂಡಿತು. ಎಲ್ಲ ಹೊತ್ತಿಗೂ ಒಂದೇ ಕತ್ತರಿ ಆಡಿಸುವುದು ಮದ್ದಲ್ಲ.

ಕತ್ತರಿ ಬೇಕಾದದ್ದು ಚೇತರಿಕೆಯ ಕೆಲವು ಮಿಲಿಸೆಕೆಂಡುಗಳಲ್ಲಿ. ಅಲ್ಲಿ ಅದು ಸಲೀಸೂ ಹೌದು, ಏಕೆಂದರೆ ಆ ಹೊತ್ತಿನಲ್ಲಿ ಟವರು ಹೇಳಬೇಕಾದದ್ದು ಒಂದೇ ಮಾತು: ನಿನ್ನ ಕರೆ ಕೇಳಿತು, ಈ ಬೀಮ್‌ಗೆ ಬಾ. ಇಷ್ಟು ಖಚಿತವಾದ ಮಾತಿಗೆ ಇಪ್ಪತ್ತು ಜಾಗಗಳಲ್ಲಿ, ಹಲವು ಉದ್ದಗಳಲ್ಲಿ ಹುಡುಕಾಟವೇಕೆ? ಒಂದೇ ಉದ್ದದ ಸಂದೇಶ, ಒಂದೇ ಗಟ್ಟಿ ಮಟ್ಟ, ಎರಡೇ ಜಾಗ ಎಂದು ನಿಗದಿಪಡಿಸಿದರೆ ಸ್ಲಾಟ್‌ಗೆ ಎರಡು ಡಿಕೋಡಿಂಗ್ ಸಾಕು. ಸುಳ್ಳು ಉತ್ತರದ ಸಂಭವವೂ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಕರೆ ಕಳಿಸಿದ ಕ್ಷಣದಿಂದ ಉತ್ತರ ಬರುವವರೆಗೆ ಸತ್ತ ಬೀಮ್‌ನ ಸರ್ಚ್ ಸ್ಪೇಸ್‌ಗಳನ್ನು ಕೇಳುವ ಹೊಣೆಯಿಂದ ಫೋನನ್ನು ಬಿಡುಗಡೆ ಮಾಡಬೇಕು. ಮಿತಿ ಮೀರಿದಾಗ ಕೈಬಿಡುವ ಸಾಲಿನಲ್ಲಿ ಚೇತರಿಕೆಯ ಜಾಗ ಎಂದೂ ಸೇರದಂತೆ ನಿಯಮವಿರಬೇಕು. ಇನ್ನೂ ಮುಂದೆ ಹೋಗಿ, ಡಿಕೋಡಿಂಗೇ ಇಲ್ಲದೆ ಮೊದಲೇ ಗೊತ್ತಿರುವ ಸಂಕೇತಮಾಲೆಯೊಂದನ್ನು ಹೋಲಿಸಿ ನೋಡಿದರೂ ಹೌದು ಅಲ್ಲ ತಿಳಿಯುತ್ತದೆ. ಇವು ಆಕಾಶದಿಂದ ಇಳಿದ ಆಲೋಚನೆಗಳಲ್ಲ. ವಾಹನಗಳು ತಮ್ಮತಮ್ಮಲ್ಲೇ ಮಾತಾಡಲು ರಿಲೀಸ್ 16 ತಂದ ಸೈಡ್‌ಲಿಂಕ್‌ನಲ್ಲಿ ನಿಯಂತ್ರಣ ಸಂದೇಶವನ್ನು ಎರಡು ಹಂತಕ್ಕೆ ಒಡೆದು, ಮೊದಲ ಹಂತಕ್ಕೆ ಸ್ಥಿರ ಉದ್ದ ಕೊಟ್ಟು ಕುರುಡು ಹುಡುಕಾಟವನ್ನು ತಗ್ಗಿಸಿದ್ದಾರೆ. ರಿಲೀಸ್ 17ರಲ್ಲಿ ಬೇಡದ ಹೊತ್ತಿನಲ್ಲಿ ಹುಡುಕಾಟ ಬಿಟ್ಟುಕೊಡುವ, ಸರ್ಚ್ ಸ್ಪೇಸ್ ಗುಂಪುಗಳನ್ನೇ ಬದಲಿಸುವ ವ್ಯವಸ್ಥೆ ಇದೆ. ಅದು ವಿದ್ಯುತ್ ಉಳಿಸಲು ಬಂದದ್ದು, ಚೇತರಿಕೆಗೂ ಜೋಡಿಸಬಹುದು. ಬೀಮ್ ತಪ್ಪುವ ಮೊದಲೇ ಮುಂದಿನ ಬೀಮ್ ಊಹಿಸುವ ಯಂತ್ರಕಲಿಕೆಯ ಅಧ್ಯಯನ ರಿಲೀಸ್ 18ರಲ್ಲಿ ನಡೆಯಿತು. ಒಳ್ಳೆಯದೇ. ಆದರೆ ಹಠಾತ್ತನೆ ಅಡ್ಡಬರುವ ಲಾರಿಯನ್ನು ಯಾವ ಮಾದರಿಯೂ ಪ್ರತಿ ಸಲ ಊಹಿಸಲಾರದು, ಊಹಿಸುವುದಕ್ಕೂ ಅದೇ ಬ್ಯಾಟರಿ ಬೇಕು.

ಹೊತ್ತು ಹೆಚ್ಚಿಲ್ಲ. 3ಜಿಪಿಪಿ 2025ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಇಂಚಿಯೋನ್‌ನಲ್ಲಿ 6ಜಿ ಕಾರ್ಯಾಗಾರ ನಡೆಸಿ, ರಿಲೀಸ್ 20ರಲ್ಲಿ ಅಧ್ಯಯನಕ್ಕೆ ಇಳಿದಿದೆ. ಮೊದಲ 6ಜಿ ಮಾನದಂಡ ರಿಲೀಸ್ 21ರಲ್ಲಿ ಬರಬೇಕು. ನಿಯಂತ್ರಣ ವಾಹಿನಿಯ ಮೂಲ ವಿನ್ಯಾಸ ಒಮ್ಮೆ ಅಚ್ಚಾದರೆ ಆ ತಲೆಮಾರು ಮುಗಿಯುವವರೆಗೆ ಅದನ್ನು ಕೆಡವಲಾಗದು, ಮೇಲೆ ತೇಪೆ ಹಾಕಬಹುದಷ್ಟೆ. 5ಜಿಯಲ್ಲಿ ಆದದ್ದು ಅದೇ. ಭಾರತದ ಮಾತು ಅಲ್ಲಿ ನಡೆಯುವುದಿಲ್ಲವೆಂದು ಕೈಚೆಲ್ಲಬೇಕಿಲ್ಲ. ಟವರುಗಳು 6 ಕಿಲೋಮೀಟರ್ ಅಂತರದಲ್ಲಿರುವ ನಮ್ಮ ಹಳ್ಳಿಗಾಡಿನ ಸ್ಥಿತಿಯನ್ನು ಭಾರತದ ದೂರಸಂಪರ್ಕ ಮಾನದಂಡ ಸಂಸ್ಥೆಯಾದ ಟಿಎಸ್‌ಡಿಎಸ್‌ಐ ಐಟಿಯುವಿನ ಮುಂದಿಟ್ಟು ಒಪ್ಪಿಸಿತ್ತು. ಅದರಿಂದ ಹುಟ್ಟಿದ 5ಜಿಐ ಎಂಬ ಮಾನದಂಡ 2021ರ ಐಟಿಯು ಶಿಫಾರಸಿನಲ್ಲಿ ಜಾಗ ಪಡೆದು, ಮುಂದೆ 3ಜಿಪಿಪಿಯ ರಿಲೀಸ್ 17ರಲ್ಲಿ ಬೆರೆತುಹೋಯಿತು. ಒಂದೇ ಆಂಟೆನಾದ ಅಗ್ಗದ ಸಾಧನ, ಜನಜಂಗುಳಿ, ಒಟ್ಟೊಟ್ಟಿಗೆ ತಪ್ಪುವ ಬೀಮ್‌ಗಳು, ಇವು ಮೂರೂ ಸೇರಿದ ಪರೀಕ್ಷಾ ಸನ್ನಿವೇಶವೊಂದನ್ನು ಈ ಸಲವೂ ನಾವೇ ಬರೆದು ಮೇಜಿನ ಮೇಲಿಡಬೇಕು. ಬೇರೆ ಯಾರೂ ನಮಗಾಗಿ ಬರೆಯುವುದಿಲ್ಲ. ಈ ಮಾನದಂಡದ ಚಿಪ್‌ಗಳಿಗೆ, ಬೇಸ್ ಸ್ಟೇಷನ್‌ಗಳಿಗೆ ಬೆಂಗಳೂರಿನಲ್ಲಿ ಕುಳಿತು ಕೋಡ್ ಬರೆಯುವ ಇಂಜಿನಿಯರುಗಳು ಇದನ್ನು ಓದುತ್ತಿದ್ದರೆ ಅವರಲ್ಲಿ ಒಂದು ಕೋರಿಕೆ: ಚೇತರಿಕೆಯ ಕಿಂಡಿಯಲ್ಲಿ ನಿಮ್ಮ ಸಾಧನ ಎಷ್ಟು ಡಿಕೋಡಿಂಗ್ ಮಾಡುತ್ತದೆ, ಎಷ್ಟು ಸುಳ್ಳು ಉತ್ತರ ನಂಬುತ್ತದೆ ಎಂಬ ಎರಡು ಅಂಕಿಗಳನ್ನು ಅಳೆದು ಪ್ರಕಟಿಸಿ. ರಿಲೀಸ್ 21 ಅಚ್ಚಾಗುವ ಮೊದಲು ಆ ಅಂಕಿಗಳು ಮೇಜಿನ ಮೇಲಿರಲಿ.